ಬೆನ್ನುನೋವಿನ ಮಾತ್ರೆ ಬಿಡಲಾಗುತ್ತಿಲ್ಲ: ಇದನ್ನು ಚಟವೆನ್ನಬೇಕೇ?

ಪ್ರಶ್ನೆ: ನಾನು ಮೈಸೂರಿನಲ್ಲಿ ಶಾಲಾ ಶಿಕ್ಷಕಿ. ನಮ್ಮ ಊರು ಪಾಂಡವಪುರ ತಾಲ್ಲೂಕಿನಲ್ಲಿದೆ. ನನ್ನ ಅಣ್ಣನಿಗೆ 39 ವರ್ಷ. ಸ್ವಂತ ಟ್ರ್ಯಾಕ್ಟರ್ ಇದೆ, ಕಬ್ಬು ಸಾಗಿಸುತ್ತಾನೆ. ಒಂದೂವರೆ ವರ್ಷದ ಹಿಂದೆ ಲೋಡಿನ ಮೇಲಿಂದ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಡಿಸ್ಕ್ ಆಪರೇಷನ್ ಆಯಿತು. ಮನೆಗೆ ಕಳುಹಿಸುವಾಗ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆಯನ್ನು ಹದಿನೈದು ದಿನಕ್ಕೆಂದು ಬರೆದುಕೊಟ್ಟಿದ್ದರು. ಅದನ್ನು ಅವನು ಇವತ್ತಿಗೂ ಬಿಟ್ಟಿಲ್ಲ. ಆಗ ದಿನಕ್ಕೆ ಎರಡು, ಈಗ ಎಂಟು. ಒಂದೊಂದು ಸಲ ಒಂದೊಂದು ಮೆಡಿಕಲ್ ಸ್ಟೋರ್. ಖಾಲಿ ಶೀಟಿನ ತುಂಡನ್ನು ಮಗನ ಕೈಗೆ ಕೊಟ್ಟು ಕಳುಹಿಸುವುದೂ ಉಂಟು. ಮಾತ್ರೆ ಸಿಗದ ದಿನ ಬೆವರು, ಆಕಳಿಕೆ, ಮೂಗು ಸೋರುವುದು, ಭೇದಿ. ನುಂಗಿದ ಮುಕ್ಕಾಲು ಗಂಟೆಗೆ ಎಲ್ಲವೂ ಸರಿಯಾಗುತ್ತದೆ. ಹೋದ ತಿಂಗಳು ಗದ್ದೆಯ ಬದುವಿನ ಮೇಲೆ ಕೈಕಾಲು ಸೆಟೆದು ಬಿದ್ದಿದ್ದ. ಬಿಸಿಲಿಗೆ ಹಾಗಾಯಿತು ಎಂದುಕೊಂಡೆವು. ಇರುವ ಮಾತ್ರೆಯನ್ನೆಲ್ಲ ಒಲೆಗೆ ಹಾಕಿಬಿಡುತ್ತೇನೆ ಎಂದು ಅತ್ತಿಗೆ ಹೇಳುತ್ತಿದ್ದಾರೆ. ಡಾಕ್ಟರೇ ಬರೆದ ಮಾತ್ರೆ ಚಟವಾಗುವುದು ಹೇಗೆ ಎಂದು ಅಮ್ಮ ಕೇಳುತ್ತಾರೆ. ಅಮ್ಮನೂ ಮಂಡಿನೋವಿಗೆಂದು ಮೂರು ವರ್ಷದಿಂದ ದಿನಾ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತಾರೆ. ಬಿಪಿ ಮಾತ್ರೆಯೂ ಇದೆ. ನೋವಿನ ಮಾತ್ರೆಯ ಪಿಡುಗು ಅಮೆರಿಕದ ಸುದ್ದಿ ಎಂದುಕೊಂಡಿದ್ದೆ. ನಮ್ಮ ಜನರಲ್ಲೂ ಇದು ಇಷ್ಟಿದೆಯೇ? ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸು ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಬಿಸಿಲಿನ ಲೆಕ್ಕಕ್ಕೆ ಬಿಟ್ಟಿರುವ ಒಂದು ಸಂಗತಿಯಿಂದಲೇ ಆರಂಭಿಸಬೇಕು, ಏಕೆಂದರೆ ಉಳಿದೆಲ್ಲ ಚರ್ಚೆಗಿಂತ ಅದು ತುರ್ತಿನದು. ಟ್ರಮಡಾಲ್ ಸೇವಿಸುವವರಲ್ಲಿ ಫಿಟ್ಸ್ ಬರುವುದು ಚೆನ್ನಾಗಿ ಗೊತ್ತಿರುವ ಅಪಾಯ. ಮಾತ್ರೆಯ ಪ್ರಮಾಣ ಹೆಚ್ಚಿದಷ್ಟೂ, ಜೊತೆಗೆ ಮದ್ಯವೋ ಕೆಲವು ಖಿನ್ನತೆಯ ಮಾತ್ರೆಗಳೋ ಸೇರಿದಷ್ಟೂ ಅದು ಹೆಚ್ಚುತ್ತದೆ. ನಿಮ್ಮ ಅಣ್ಣನಿಗೆ ಬಂದದ್ದು ಫಿಟ್ಸೇ ಎಂದು ದೂರದಿಂದ ನಾನು ಹೇಳಲಾರೆ, ಆದರೆ ಪರೀಕ್ಷೆಯಾಗಿ ಬೇರೆ ಕಾರಣ ಸಿಗುವವರೆಗೆ ಹಾಗೆಂದೇ ಭಾವಿಸಿ ನಡೆಯುವುದು ಒಳ್ಳೆಯದು. ಆದ್ದರಿಂದ ಅವರು ವೈದ್ಯರನ್ನು ಕಾಣುವವರೆಗೆ ಟ್ರ್ಯಾಕ್ಟರ್, ಬೈಕು ಯಾವುದನ್ನೂ ಓಡಿಸಬಾರದು, ನಾಲೆಯ ಏರಿಯ ಮೇಲೆ ಒಬ್ಬರೇ ಹೋಗಬಾರದು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದರೆ ಮನೆಯ ಆದಾಯಕ್ಕೆ ಬೀಳುವ ಪೆಟ್ಟು ನನಗೆ ತಿಳಿಯದ್ದಲ್ಲ. ಒಂದು ವಾರದ ಮಟ್ಟಿಗೆ ಬೇರೆ ಡ್ರೈವರನ್ನು ಗೊತ್ತುಮಾಡಿ, ಆ ವಾರದೊಳಗೆ ತಪಾಸಣೆ ಮುಗಿಸಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಅಮೆರಿಕದ ವಿಚಾರದಲ್ಲಿ ನೀವು ಕೇಳಿರುವುದು ಸುಳ್ಳಲ್ಲ. ಅಲ್ಲಿನ ಸರ್ಕಾರ ಪ್ರತಿವರ್ಷ ನಡೆಸುವ ಸಮೀಕ್ಷೆಯ ಪ್ರಕಾರ 2021ರಲ್ಲಿ 12 ವರ್ಷ ದಾಟಿದವರಲ್ಲಿ ಸುಮಾರು 87 ಲಕ್ಷ ಮಂದಿ, ಅಂದರೆ ನೂರಕ್ಕೆ ಮೂವರು, ಚೀಟಿಯ ಮೇಲೆ ಸಿಗುವ ನೋವಿನ ಮಾತ್ರೆಗಳನ್ನು ವೈದ್ಯರು ಹೇಳಿದ ರೀತಿಗೆ ಹೊರತಾಗಿ ಬಳಸಿದ್ದರು. ಆ ಸಮೀಕ್ಷೆಗಳಲ್ಲಿ ನನಗೆ ಯಾವಾಗಲೂ ಮುಖ್ಯವಾಗಿ ಕಾಣುವ ಅಂಕಿ ಬೇರೆಯದು. ಹೀಗೆ ಬಳಸಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಾತ್ರೆ ಸಿಕ್ಕಿದ್ದು ನೆಂಟರಿಂದ ಅಥವಾ ಸ್ನೇಹಿತರಿಂದ. ಉಳಿದವರಲ್ಲಿ ಬಹುಪಾಲಿಗೆ ವೈದ್ಯರ ಚೀಟಿಯಿಂದಲೇ. ಕತ್ತಲ ಗಲ್ಲಿಯಲ್ಲಿ ಅಪರಿಚಿತನಿಂದ ಕೊಂಡವರು ಅದರಲ್ಲಿ ಸಣ್ಣ ಪಾಲು. ಮನೆಯ ಬೀರುವೇ ಮೊದಲ ಅಂಗಡಿ ಎಂದಾಯಿತು.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಎರಡು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಮುಟ್ಟಿತ್ತು. ಅದರ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ. 2.1ರಷ್ಟು ಮಂದಿ, ಸುಮಾರು 2.26 ಕೋಟಿ, ಅಫೀಮಿನ ವರ್ಗದ ಯಾವುದಾದರೊಂದು ವಸ್ತುವನ್ನು ಬಳಸುತ್ತಿದ್ದರು. ಅದರಲ್ಲಿ ಹೆರಾಯಿನ್ ಶೇ. 1.14, ಟ್ರಮಡಾಲಿನಂತೆ ಔಷಧಿಯ ರೂಪದಲ್ಲಿ ಸಿಗುವ ಅಫೀಮಿನ ವರ್ಗದ ನೋವಿನ ಮಾತ್ರೆಗಳು, ಅಂದರೆ ಓಪಿಯಾಯ್ಡ್‌ಗಳು ಶೇ. 0.96, ಅಫೀಮು ಶೇ. 0.52. ನಿದ್ರೆ ಮಾತ್ರೆ ಮತ್ತು ಶಮನಕಾರಿಗಳ ದುರ್ಬಳಕೆ ಶೇ. 1.08. ಅಂದರೆ ನೂರಕ್ಕೆ ಸುಮಾರು ಒಬ್ಬರು, ನಿಮ್ಮ ಅಣ್ಣನವರು ನುಂಗುವಂಥ ಔಷಧಿಯನ್ನು ಔಷಧಿಯ ಉದ್ದೇಶವಿಲ್ಲದೆ ಬಳಸುತ್ತಿದ್ದರು. ಈ ಸರಾಸರಿಯನ್ನು ಮಂಡ್ಯ ಜಿಲ್ಲೆಯ ಜನಸಂಖ್ಯೆಗೆ ಗುಣಿಸಿ ಒಂದು ಸಂಖ್ಯೆ ಹೇಳುವ ಆಸೆ ಯಾರಿಗಾದರೂ ಆಗುತ್ತದೆ; ಅದು ತಪ್ಪಾಗುತ್ತದೆ, ಏಕೆಂದರೆ ಈಶಾನ್ಯದ ಕೆಲವು ರಾಜ್ಯಗಳಲ್ಲೂ ಪಂಜಾಬಿನಂಥ ಕಡೆಯೂ ಪ್ರಮಾಣ ಬಹಳ ಹೆಚ್ಚಿದ್ದು ಸರಾಸರಿಯನ್ನು ಮೇಲಕ್ಕೆ ಎಳೆದಿದೆ.

ಆದರೆ ಇದೇ ಅಂಕಿ ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಲೆಕ್ಕವೂ ಹೌದು. ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದು ‘ಔಷಧಿಯನ್ನು ಅಮಲಿಗಾಗಿ ಬಳಸುತ್ತೀರಾ’ ಎಂದು ಕೇಳಿದರೆ ನಿಮ್ಮ ಅಣ್ಣನವರು ಪ್ರಾಮಾಣಿಕವಾಗಿಯೇ ಇಲ್ಲವೆನ್ನುತ್ತಾರೆ. ಅವರ ಮನಸ್ಸಿನಲ್ಲಿ ಅದು ಇನ್ನೂ ಆಪರೇಷನ್ನಿನ ಮಾತ್ರೆ. ನಿಮ್ಮ ತಾಯಿಯವರಂತೂ ಯಾವ ವ್ಯಸನದ ಲೆಕ್ಕಕ್ಕೂ ಸಿಗುವುದಿಲ್ಲ, ಏಕೆಂದರೆ ಡೈಕ್ಲೋಫೆನಾಕ್ ಅಮಲಿನ ಔಷಧಿಯೇ ಅಲ್ಲ. ನನ್ನ ಹೊರರೋಗಿ ವಿಭಾಗದಲ್ಲಿ ಕುಳಿತು ನೋಡಿದರೆ ಹೆರಾಯಿನ್ನಿಗಿಂತ ಹೆಚ್ಚಾಗಿ ಎದುರಿಗೆ ಬರುವುದು ಇಂಥವರೇ: ಹಲ್ಲುನೋವಿಗೋ ಮುರಿದ ಕಾಲಿಗೋ ಕೊಟ್ಟ ಮಾತ್ರೆ ಕಾರಣ ಮುಗಿದ ಮೇಲೂ ಉಳಿದುಕೊಂಡಿರುತ್ತದೆ. ಅವರು ಚಟ ಬಿಡಿಸಿ ಎಂದು ಬರುವುದಿಲ್ಲ. ನಿದ್ದೆ ಇಲ್ಲ, ಮೈಕೈ ಸೆಳೆತ, ಮಲಬದ್ಧತೆ ಎಂದು ಬರುತ್ತಾರೆ. ಎರಡನೆಯ ಭೇಟಿಯಲ್ಲಿ ಹೆಂಡತಿ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲೆ ಸುರಿಯುತ್ತಾರೆ. ಖಾಲಿ ಶೀಟುಗಳು, ಹತ್ತು ಹತ್ತರ ಗುಳಿಗಳು, ಪ್ರತಿಯೊಂದರ ಬೆನ್ನಿಗೂ ಕೆಂಪು ಚೌಕಟ್ಟಿನಲ್ಲಿ ವೈದ್ಯರ ಸಲಹೆಯಿಲ್ಲದೆ ಸೇವಿಸುವುದು ಅಪಾಯಕಾರಿ ಎಂಬ ಎಚ್ಚರಿಕೆ. ಅಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ.

ಅಮ್ಮನವರ ಪ್ರಶ್ನೆ ನ್ಯಾಯವಾದದ್ದು. ವೈದ್ಯರು ಬರೆದ ಮಾತ್ರೆ ಚಟವಾಗುವುದು ಹೇಗೆ? ವೈದ್ಯರೇ ಹಲವು ವರ್ಷ ಇದೇ ನಂಬಿಕೆಯಲ್ಲಿದ್ದರು. 1980ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಐದು ವಾಕ್ಯಗಳ ಒಂದು ಪತ್ರ ಪ್ರಕಟವಾಯಿತು: ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದ 11,882 ರೋಗಿಗಳಲ್ಲಿ ವ್ಯಸನ ದಾಖಲಾದದ್ದು ನಾಲ್ವರಲ್ಲಿ ಮಾತ್ರ ಎಂದು. ಅವರೆಲ್ಲ ಆಸ್ಪತ್ರೆಯ ಹಾಸಿಗೆಯಲ್ಲಿದ್ದವರು, ನರ್ಸ್ ಎಣಿಸಿ ಕೊಟ್ಟ ಔಷಧಿ ಪಡೆದವರು. ಅದನ್ನು ತಿಂಗಳುಗಟ್ಟಲೆ ಮನೆಯಲ್ಲಿ ನುಂಗುವವರಿಗೂ ಅನ್ವಯಿಸಿ ನೂರಾರು ಲೇಖನಗಳು ಉಲ್ಲೇಖಿಸಿದವು, ಔಷಧಿ ಕಂಪನಿಗಳಿಗೂ ಆ ಮಾತು ಅನುಕೂಲವಾಯಿತು. 1996ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸಿಕಾಂಟಿನ್ ಎಂಬ ಇದೇ ವರ್ಗದ ನೋವಿನ ಮಾತ್ರೆಯ ಕಂಪನಿ ತಪ್ಪು ಪ್ರಚಾರಕ್ಕಾಗಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಆಮೇಲೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ದೀರ್ಘಕಾಲದ ನೋವಿಗಾಗಿ ಇಂಥ ಔಷಧಿ ಪಡೆಯುವವರಲ್ಲಿ ದುರ್ಬಳಕೆ ಸರಾಸರಿ ನೂರಕ್ಕೆ 21ರಿಂದ 29, ವ್ಯಸನ ನೂರಕ್ಕೆ 8ರಿಂದ 12 ಎಂದಿತು. ಹಾಗಾಗಿ ಬರೆದುಕೊಟ್ಟ ಮಾತ್ರೆಯಿಂದ ಎಲ್ಲರಿಗೂ ಚಟ ಹತ್ತುತ್ತದೆ ಎಂಬುದೂ ತಪ್ಪು, ಯಾರಿಗೂ ಹತ್ತುವುದಿಲ್ಲ ಎಂಬುದೂ ತಪ್ಪು.

ಇಲ್ಲಿ ಮೂರು ಪದಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ನಿಮ್ಮ ಮನೆಯ ಜಗಳ ಅರ್ಧ ಕಡಿಮೆಯಾದೀತು. ಹೇಳಿದ್ದಕ್ಕಿಂತ ಹೆಚ್ಚು, ಹೇಳಿದ್ದಕ್ಕಿಂತ ಹೆಚ್ಚು ದಿನ ಅಥವಾ ಹೇಳದ ಕಾರಣಕ್ಕೆ ಬಳಸುವುದು ದುರ್ಬಳಕೆ. ಔಷಧಿ ನಿಂತರೆ ದೇಹ ಪ್ರತಿಭಟಿಸುವಷ್ಟು ಅದಕ್ಕೆ ಒಗ್ಗಿಹೋಗಿರುವುದು ಅವಲಂಬನೆ. ಇದು ಯಾವ ಸಂಭಾವಿತರಿಗೂ ಕೆಲವು ವಾರಗಳಲ್ಲಿ ಬರಬಹುದು, ಇದರಲ್ಲಿ ನಡತೆಯ ದೋಷವೇನಿಲ್ಲ. ಹಾನಿಯಾಗುತ್ತಿದೆ ಎಂದು ಕಣ್ಣಿಗೆ ಕಂಡರೂ ಕೈ ತಡೆಯಲಾಗದೆ, ಬದುಕು ಆ ಮಾತ್ರೆಯ ಸುತ್ತಲೇ ತಿರುಗತೊಡಗಿದರೆ ಅದು ವ್ಯಸನ, ನೀವು ಚಟ ಎನ್ನುವುದು. ನಿಮ್ಮ ಅಣ್ಣನವರಲ್ಲಿ ಮೊದಲ ಎರಡು ನಿಶ್ಚಯವಾಗಿ ಇವೆ. ಬೇರೆ ಬೇರೆ ಅಂಗಡಿ ಹುಡುಕುವುದು, ಮಗನನ್ನು ಕಳುಹಿಸುವುದು ಮೂರನೆಯದರ ಹೊಸ್ತಿಲು. ಅವರು ಹೊಸ್ತಿಲು ದಾಟಿದ್ದಾರೋ ಇಲ್ಲವೋ ಎಂಬುದು ಅವರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದ ಮೇಲೆ ತಿಳಿಯುವ ವಿಷಯ.

ಮಾತ್ರೆ ಸಿಗದ ದಿನ ಬರುವ ಬೆವರು, ಆಕಳಿಕೆ, ಭೇದಿಯನ್ನು ನೋವು ಅಷ್ಟು ತೀವ್ರವಾಗಿದೆ ಎಂಬುದಕ್ಕೆ ಸಾಕ್ಷಿ ಎಂದು ಮನೆಯವರು ತಿಳಿಯುವುದು ಸಾಮಾನ್ಯ. ಅದು ನೋವಲ್ಲ, ಒಗ್ಗಿದ ಔಷಧಿ ನಿಂತಾಗ ದೇಹ ತೋರುವ ಹಿಂತೆಗೆತದ ಚಿಹ್ನೆ. ನಮ್ಮ ಮಿದುಳಿನಲ್ಲಿ ನೋವು ತಗ್ಗಿಸುವ ಸ್ವಂತ ರಾಸಾಯನಿಕಗಳಿವೆ. ಟ್ರಮಡಾಲ್ ಅವುಗಳ ಬೀಗಕ್ಕೆ ಹೊಂದುವ ಹೊರಗಿನ ಕೀಲಿ. ಕೀಲಿ ದಿನವೂ ಹೊರಗಿನಿಂದಲೇ ಬಂದಾಗ ಬೀಗಗಳು ಮಂಕಾಗುತ್ತವೆ, ಅದೇ ಪರಿಣಾಮಕ್ಕೆ ಎರಡರ ಜಾಗದಲ್ಲಿ ನಾಲ್ಕು ಬೇಕಾಗುತ್ತದೆ. ಈ ಔಷಧಿ ಎಚ್ಚರದ ಸ್ಥಿತಿಗೆ ಕಾರಣವಾದ ಮಿದುಳಿನ ಒಂದು ಭಾಗವನ್ನು ಅದುಮಿಡುತ್ತದೆ. ದೇಹ ಅದನ್ನು ಸರಿದೂಗಿಸಲು ಆ ಭಾಗವನ್ನು ಇನ್ನಷ್ಟು ಚುರುಕುಗೊಳಿಸಿಕೊಂಡಿರುತ್ತದೆ. ಮಾತ್ರೆ ತಪ್ಪಿದ 12ರಿಂದ 24 ಗಂಟೆಯೊಳಗೆ ಅದುಮಿದ ಕೈ ಎದ್ದಂತಾಗಿ ಆ ಚುರುಕೆಲ್ಲ ಒಮ್ಮೆಗೇ ಚಿಮ್ಮುತ್ತದೆ: ಬೆವರು, ರೋಮಾಂಚನ, ಕಣ್ಣುಮೂಗಿನಲ್ಲಿ ನೀರು, ಕಾಲು ಒಂದೆಡೆ ಇಡಲಾಗದ ಚಡಪಡಿಕೆ. ಎರಡು ಮೂರನೆಯ ದಿನ ಅದು ತುತ್ತತುದಿ ಮುಟ್ಟಿ, ವಾರ ಹತ್ತು ದಿನಗಳಲ್ಲಿ ಇಳಿಯುತ್ತದೆ. ಟ್ರಮಡಾಲ್ ಸಿರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ಇನ್ನೆರಡು ರಾಸಾಯನಿಕಗಳ ಮೇಲೂ ಕೆಲಸ ಮಾಡುವುದರಿಂದ ಕೆಲವರಲ್ಲಿ ತೀವ್ರ ಗಾಬರಿ, ಗೊಂದಲ, ಇಲ್ಲದ್ದು ಕಂಡಂತಾಗುವುದು ಕೂಡ ಸೇರಿಕೊಳ್ಳುತ್ತದೆ. ಇನ್ನೊಂದು ವಿಚಿತ್ರವೂ ಇದೆ. ದೀರ್ಘಕಾಲ ಸೇವಿಸಿದರೆ ಈ ವರ್ಗದ ಔಷಧಿಗಳು ನೋವಿನ ಸಂವೇದನೆಯನ್ನೇ ಹೆಚ್ಚಿಸಬಹುದು. ನೋವಿಗೆ ಮಾತ್ರೆ, ಮಾತ್ರೆಯಿಂದ ನೋವು ಎಂಬ ಈ ಸುತ್ತಿನಲ್ಲಿರುವವರಿಗೆ ಮಾತ್ರೆ ಇಳಿಸಿದ ಎರಡು ತಿಂಗಳ ಮೇಲೆ ಬೆನ್ನುನೋವು ಮೊದಲಿಗಿಂತ ಕಡಿಮೆಯಾಗಿರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಈಗ ಎಂಟು ಮಾತ್ರೆಯ ಲೆಕ್ಕ. ಇಂಥ ಜೋಡಿ ಮಾತ್ರೆಯಲ್ಲಿ ಸಾಮಾನ್ಯವಾಗಿ ಟ್ರಮಡಾಲ್ 37.5 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಎಂಟಕ್ಕೆ 300 ಮತ್ತು 2,600 ಆಯಿತು. ಟ್ರಮಡಾಲಿನ ದಿನದ ಮಿತಿ 400, ಪ್ಯಾರಸಿಟಮಾಲಿನದು ಆರೋಗ್ಯವಂತರಿಗೆ 4,000. ಮಿತಿಯೊಳಗೇ ಇದೆಯಲ್ಲ ಎನ್ನಬೇಡಿ. ಜ್ವರವೆಂದು 650ರ ಮಾತ್ರೆ ಎರಡು ನುಂಗಿದ ದಿನ ಪ್ಯಾರಸಿಟಮಾಲ್ 3,900 ತಲುಪುತ್ತದೆ. ಸಂಜೆ ಮದ್ಯ ಸೇವಿಸುವ ಅಭ್ಯಾಸವಿದ್ದರೆ ಯಕೃತ್ತಿಗೆ ಅಷ್ಟೂ ತಾಳುವ ಶಕ್ತಿಯಿರುವುದಿಲ್ಲ. ಮದ್ಯದ ವಿಷಯ ನೀವು ಬರೆದಿಲ್ಲ. ವೈದ್ಯರು ಕೇಳಿದಾಗ ಮುಚ್ಚಿಡಬೇಡಿ, ಏಕೆಂದರೆ ಟ್ರಮಡಾಲ್ ಮತ್ತು ಮದ್ಯ ಒಟ್ಟಾದರೆ ಉಸಿರಾಟವೇ ಕುಂದಬಹುದು. ಅಲ್ಪ್ರಜೋಲಮ್ ಮುಂತಾದ ನಿದ್ರೆ ಮಾತ್ರೆಗೂ ಇದೇ ಮಾತು.

ಅತ್ತಿಗೆಯವರ ಸಂಕಟ ಅರ್ಥವಾಗುತ್ತದೆ, ಆದರೂ ಒಲೆಗೆ ಹಾಕುವುದು ಬೇಡ. ಒಂದೇ ಏಟಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲವಾದರೂ, ಫಿಟ್ಸಿನ ಶಂಕೆಯಿರುವವರಲ್ಲಿ ಆ ಪ್ರಯೋಗವನ್ನು ಮನೆಯಲ್ಲಿ ಮಾಡಬಾರದು. ಮೂರನೆಯ ದಿನದ ಯಾತನೆ ತಾಳಲಾರದೆ ಅವರು ಮತ್ತೆ ಅಂಗಡಿಗೆ ಹೋಗುವುದು ಬಹುತೇಕ ಖಚಿತ, ಆಮೇಲೆ ಬಚ್ಚಿಡುವ ಜಾಗ ಮಾತ್ರ ಬದಲಾಗುತ್ತದೆ. ಕೆಲವು ವಾರ ಬಿಟ್ಟಿದ್ದು ಹಳೆಯ ಪ್ರಮಾಣಕ್ಕೇ ಒಮ್ಮೆಗೆ ಮರಳಿದರೆ, ಒಗ್ಗುವಿಕೆ ಕಳೆದ ದೇಹಕ್ಕೆ ಅದೇ ಎಂಟು ಮಾತ್ರೆ ವಿಷವಾಗಬಹುದು.

ಫಿಟ್ಸ್ ಬಾರದಿದ್ದರೆ ನಾನು ಮೊದಲು ಸೂಚಿಸುತ್ತಿದ್ದ ದಾರಿ ನಿಧಾನವಾದ ಇಳಿಕೆ: ಒಬ್ಬರೇ ವೈದ್ಯರು, ಒಂದೇ ಮೆಡಿಕಲ್ ಸ್ಟೋರ್, ವಾರಕ್ಕೆ ಬೇಕಾದಷ್ಟೇ ಮಾತ್ರೆ ಅತ್ತಿಗೆಯವರ ಕೈಯಲ್ಲಿ, ಒಂದೆರಡು ವಾರಕ್ಕೊಮ್ಮೆ ಒಂದೊಂದು ಮಾತ್ರೆ ಕಡಿತ. ಎಂಟರಿಂದ ನಾಲ್ಕಕ್ಕೆ ಇಳಿಯುವುದು ಸುಲಭ. ಕೊನೆಯ ಎರಡರಲ್ಲಿ ಬಹಳ ಜನ ತಡವರಿಸುತ್ತಾರೆ, ಅಲ್ಲಿ ತಿಂಗಳು ಹಿಡಿದರೂ ಅವಸರಿಸಬಾರದು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯಾಗಿದ್ದರೆ ಅದನ್ನು ಮುರಿದು ನುಂಗಬಾರದು, ಮುರಿದರೆ ಇಡೀ ದಿನದ ಔಷಧಿ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ. ಈ ದಾರಿಯ ದೌರ್ಬಲ್ಯವೆಂದರೆ ತಿಂಗಳುಗಟ್ಟಲೆ ಅಪಾಯದ ಔಷಧಿ ಮುಂದುವರಿಯುತ್ತಲೇ ಇರುತ್ತದೆ. ಆದ್ದರಿಂದ ನಿಮ್ಮ ಅಣ್ಣನವರಿಗೆ ಒಂದೆರಡು ವಾರ ಒಳರೋಗಿಯಾಗಿ ದಾಖಲಾಗಿ ಬಿಡಿಸಿಕೊಳ್ಳುವುದು ಹೆಚ್ಚು ಸುರಕ್ಷಿತ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಮಿದುಳಿನ ಪರೀಕ್ಷೆಯೂ ಆಗುತ್ತದೆ, ಹಿಂತೆಗೆತದ ಚಡಪಡಿಕೆಗೆ ಕ್ಲೋನಿಡಿನ್‌ನಂಥ ಔಷಧಿ ಕೊಟ್ಟು ರಕ್ತದೊತ್ತಡ ನೋಡುತ್ತಾ ಇರಬಹುದು. ಎರಡು ಮೂರು ಬಾರಿ ಬಿಟ್ಟು ಮತ್ತೆ ಹಿಡಿದವರಿಗೆ ಬ್ಯುಪ್ರಿನಾರ್ಫಿನ್ ಎಂಬ ಬದಲಿ ಔಷಧಿ ಇದೆ. ಅದೂ ಅದೇ ವರ್ಗದ್ದೇ, ಆದರೆ ಪರಿಣಾಮಕ್ಕೆ ಒಂದು ಮೇಲ್ಮಿತಿ ಇರುವುದರಿಂದ ಬದುಕು ಹಳಿಗೆ ಬರಲು ಸಮಯ ಕೊಡುತ್ತದೆ. ಒಂದು ಚಟಕ್ಕೆ ಇನ್ನೊಂದು ಚಟವೇ ಎಂದು ಮೂಗು ಮುರಿಯುವವರಿದ್ದಾರೆ. ಅದನ್ನು ಸರಿಯಾಗಿ ಪಡೆದು ಮತ್ತೆ ದುಡಿಯುತ್ತಿರುವವರನ್ನು ನೋಡಿದ ನನಗೆ ಆ ಮಾತು ಒಪ್ಪಿಗೆಯಿಲ್ಲ.

ಊಟದಲ್ಲಿ ತಿಳಿಯದಂತೆ ಬೆರೆಸಿದರೆ ಚಟ ಬಿಡುತ್ತದೆ ಎಂಬ ಪುಡಿಗಳ ಜಾಹೀರಾತು ಬಸ್ ನಿಲ್ದಾಣದ ಗೋಡೆಗಳಲ್ಲಿ ನಿಮಗೂ ಕಂಡಿರುತ್ತದೆ. ಅದರಲ್ಲಿ ಏನಿದೆ ಎಂದು ಹಾಕುವವರಿಗೂ ಗೊತ್ತಿರುವುದಿಲ್ಲ, ತಿನ್ನುವವರಿಗೂ ಗೊತ್ತಿರುವುದಿಲ್ಲ. ಇಚ್ಛೆಯಿಲ್ಲದವರನ್ನು ತಿಂಗಳುಗಟ್ಟಲೆ ಕೂಡಿಹಾಕುವ ಕೇಂದ್ರಗಳ ಬಗ್ಗೆಯೂ ಎಚ್ಚರವಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಇಂಥ ಕೇಂದ್ರಗಳು ನೋಂದಣಿ ಪಡೆದಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡುವುದಕ್ಕೆ ಸಂಕೋಚ ಬೇಡ.

ಪೊಲೀಸ್ ಕೇಸಿನ ಭಯ ಬಿಡಿ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಮಾದಕವಸ್ತು ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ತಂದದ್ದು ನಿಜ. ಅದಕ್ಕೂ ಮೊದಲೇ, 2014ರಿಂದ, ಇದನ್ನು ಮಾರುವ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕೆಂಬ ನಿಯಮವಿದೆ. ಹಾಗಾಗಿ ಶೀಟಿನ ತುಂಡು ನೋಡಿ ಮಗುವಿನ ಕೈಗೆ ಮಾತ್ರೆ ಕೊಟ್ಟವರು ತಪ್ಪು ಮಾಡುತ್ತಿದ್ದಾರೆ. ಚಿಕಿತ್ಸೆಗೆಂದು ತಾವಾಗಿ ಬರುವ ವ್ಯಸನಿಗೆ ಅದೇ ಕಾಯಿದೆಯ 64ಎ ಕಲಮು ರಕ್ಷಣೆ ನೀಡುತ್ತದೆ, ರೋಗಿಯ ಮಾಹಿತಿಯನ್ನು ಗುಟ್ಟಾಗಿಡುವುದು ನಮ್ಮ ಕರ್ತವ್ಯ. ಹುಡುಗನನ್ನು ಅಂಗಡಿಗೆ ಕಳುಹಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅಂಗಡಿಯವರು ಪರಿಚಯದವರಾದರೆ ಅವರಿಗೆ ವಿಷಯ ತಿಳಿಸಿ. ‘ಅದಿಲ್ಲ, ಇದು ಅದಕ್ಕಿಂತ ಚೆನ್ನಾಗಿದೆ’ ಎಂದು ಟ್ಯಾಪೆಂಟಡಾಲ್ ಕೊಟ್ಟರೆ ಅದು ಅದೇ ಕುಲದ, ಇನ್ನೂ ಬಲವಾದ ಔಷಧಿ.

ಮಾತ್ರೆ ಬಿಟ್ಟರೆ ಬೆನ್ನುನೋವಿಗೆ ಏನು ಗತಿ ಎಂದು ಅಣ್ಣನವರು ಕೇಳುತ್ತಾರೆ, ಕೇಳಬೇಕಾದದ್ದೇ. ಮೂಳೆ ವೈದ್ಯರಿಂದ ಮತ್ತೊಮ್ಮೆ ಪರೀಕ್ಷೆ, ಫಿಸಿಯೋಥೆರಪಿಯವರು ಕಲಿಸುವ ಬೆನ್ನಿನ ವ್ಯಾಯಾಮ, ಟ್ರ್ಯಾಕ್ಟರ್ ಸೀಟಿನ ದಿಂಬು, ಗಂಟೆಗೊಮ್ಮೆ ಇಳಿದು ನಡೆಯುವುದು, ಇವು ಕೇಳಲು ಸಪ್ಪೆಯಾದರೂ ಹಳೆಯ ಬೆನ್ನುನೋವಿಗೆ ಟ್ರಮಡಾಲಿಗಿಂತ ಬಾಳಿಕೆ ಬರುತ್ತವೆ. ನರದ ನೋವಿಗೆ ಡ್ಯುಲಾಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಿಗಳಿವೆ. ಟ್ರಮಡಾಲ್ ಇರುವಾಗಲೇ ಅವುಗಳನ್ನು ಸೇರಿಸಿದರೆ ಫಿಟ್ಸಿನ ಅಪಾಯ ಏರುತ್ತದೆ, ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ತರಬೇಡಿ. ಕಾಲಿನಲ್ಲಿ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇಷ್ಟೆಲ್ಲ ಹೇಳಿದ್ದು ಹಳೆಯ ಬೆನ್ನುನೋವಿನ ವಿಚಾರ. ನೆಂಟರಲ್ಲಿ ಯಾರಿಗಾದರೂ ಕ್ಯಾನ್ಸರ್ ನೋವಿಗೆಂದು ಮಾರ್ಫಿನ್ ಕೊಟ್ಟಿದ್ದರೆ ಇದನ್ನು ಓದಿ ಅದನ್ನು ನಿಲ್ಲಿಸಬೇಡಿ. ಚಟದ ಹೆದರಿಕೆಯಿಂದ ಅಂಥವರನ್ನು ನರಳಲು ಬಿಡುವುದು ನಮ್ಮಲ್ಲಿ ದುರ್ಬಳಕೆಯಷ್ಟೇ ದೊಡ್ಡ ಸಮಸ್ಯೆ.

ಅಮ್ಮನವರ ಮಾತ್ರೆಯನ್ನು ನಾನು ಮರೆತಿಲ್ಲ. ಡೈಕ್ಲೋಫೆನಾಕ್ ಚಟ ಹತ್ತಿಸುವುದಿಲ್ಲ, ಆದರೆ ದಿನವೂ ಮೂರು ವರ್ಷವೆಂದರೆ ಜಠರದ ಹುಣ್ಣು, ಮೂತ್ರಪಿಂಡ, ಹೃದಯ ಮೂರಕ್ಕೂ ಭಾರ. ರಾಮನಗರದ ಬೆಟ್ಟಗಳಲ್ಲಿ ಉಳಿದಿರುವ ರಣಹದ್ದುಗಳ ಸುದ್ದಿ ನೀವು ಶಾಲೆಯಲ್ಲಿ ಪಾಠ ಮಾಡಿರಬಹುದು. ದೇಶದಾದ್ಯಂತ ಆ ಹಕ್ಕಿಗಳು ಅಳಿದದ್ದು, ದನಗಳಿಗೆ ಚುಚ್ಚಿದ ಇದೇ ಔಷಧಿಯ ಅಂಶವಿದ್ದ ಹೆಣ ತಿಂದು ಮೂತ್ರಪಿಂಡ ಕೆಟ್ಟು. ಅದಕ್ಕಾಗಿಯೇ 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿದರು. ಮನುಷ್ಯರ ಮೂತ್ರಪಿಂಡ ಹದ್ದಿನದಕ್ಕಿಂತ ಬಹಳ ಗಟ್ಟಿ ಎಂಬುದು ನಿಜ. ಆದರೆ ಕೆಲವು ಬಗೆಯ ಬಿಪಿ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ಇದು, ಮೂರೂ ಒಟ್ಟಾದರೆ ಮೂತ್ರಪಿಂಡಕ್ಕೆ ರಕ್ತ ಸಾಲದೆ ಹೋಗುತ್ತದೆ, ಬೇಸಿಗೆಯಲ್ಲಿ ವಾಂತಿಭೇದಿಯಾದಾಗಲಂತೂ ಹೆಚ್ಚು. ಡೈಕ್ಲೋಫೆನಾಕನ್ನು ಒಮ್ಮೆಗೇ ನಿಲ್ಲಿಸಿದರೂ ಅಡ್ಡಿಯಿಲ್ಲ, ನೋವು ಮರಳಬಹುದಷ್ಟೇ. ಬಿಪಿ ಮಾತ್ರೆಯನ್ನು ಮಾತ್ರ ನಿಲ್ಲಿಸಬಾರದು. ಕ್ರಿಯಾಟಿನಿನ್, ಹಿಮೋಗ್ಲೋಬಿನ್, ರಕ್ತದೊತ್ತಡ ನೋಡಿಸಿ. ಮಲ ಕಪ್ಪಗಾಗಿದೆಯೇ ಎಂದು ಕೇಳಿ. ಹಚ್ಚುವ ಮುಲಾಮು, ತೊಡೆಯ ಸ್ನಾಯುಗಳ ವ್ಯಾಯಾಮ, ಬೇಕಾದಾಗ ಮಾತ್ರ ಪ್ಯಾರಸಿಟಮಾಲ್ ಇವುಗಳ ಬಗ್ಗೆ ವೈದ್ಯರೊಡನೆ ಮಾತನಾಡಿ.

ಹೋಗಬೇಕಾದ ಜಾಗ ದೂರವೇನಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮತ್ತು ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಗಳಿವೆ, ಕಠಿಣವೆನಿಸಿದರೆ ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಣ್ಣನವರು ಮೊದಲು ಬರಲು ಒಪ್ಪದಿದ್ದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಅವರೇ ಕರೆ ಮಾಡಿ ಕನ್ನಡದಲ್ಲೇ ಮಾತನಾಡಲಿ. ಅವರೊಡನೆ ಮಾತು ತೆಗೆಯುವಾಗ ‘ಚಟ’ ಎಂಬ ಪದದಿಂದ ಆರಂಭಿಸಬೇಡಿ. ಬದುವಿನ ಮೇಲೆ ಬಿದ್ದ ದಿನದಿಂದ ಆರಂಭಿಸಿ, ಅದು ಅವರಿಗೂ ಹೆದರಿಕೆ ಹುಟ್ಟಿಸಿರುತ್ತದೆ. ಬರುವಾಗ ಆಪರೇಷನ್ನಿನ ಡಿಸ್ಚಾರ್ಜ್ ಹಾಳೆ, ಸ್ಕ್ಯಾನ್, ಅಮ್ಮನವರ ಬಿಪಿ ಚೀಟಿ ತನ್ನಿ. ಬಿದ್ದಾಗ ಎದುರಿಗಿದ್ದವರು ಯಾರಾದರೂ ಜೊತೆಗೆ ಬಂದರೆ ಒಳ್ಳೆಯದು: ಕಣ್ಣು ಮೇಲೆ ಹೋಗಿತ್ತೇ, ನಾಲಿಗೆ ಕಚ್ಚಿಕೊಂಡಿತ್ತೇ, ಎಷ್ಟು ಹೊತ್ತಿಗೆ ಎಚ್ಚರವಾಯಿತು ಎಂಬುದು ಅವರಿಗಷ್ಟೇ ಗೊತ್ತು. ಅತ್ತಿಗೆಯವರು ಖಾಲಿ ಶೀಟುಗಳನ್ನು ಎಸೆಯದೆ ಇಟ್ಟಿದ್ದರೆ ಅವುಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಬರಲಿ, ಎಣಿಸುವ ಕೆಲಸ ನಾವು ಮಾಡುತ್ತೇವೆ.